ಭಾವನ ಮೂಗು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಜೀವಮಾನವೆಲ್ಲ ಬಸ್ಸು ಓಡಿಸಿದವರು. ಡಿಪೋದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಮೂಗಣ್ಣ' ಅಂದರೆ ಸಾಕಿತ್ತು. ಬ್ರೇಕ್ ಸವೆದರೂ ಕ್ಲಚ್ ಸುಟ್ಟರೂ ಮೊದಲು ತಿಳಿಯುತ್ತಿದ್ದುದು ಅವರ ಮೂಗಿಗೆ. ಒಮ್ಮೆ ತುಂಬಿದ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ, "ಎಲ್ರೂ ಇಳೀರಿ, ವೈರು ಸುಡ್ತಿದೆ" ಎಂದು ಕೂಗಿದರಂತೆ. ಜನ ಬೈದುಕೊಂಡೇ ಇಳಿದರು. ಕೊನೆಯವನು ಇಳಿಯುವಷ್ಟರಲ್ಲಿ ಸೀಟಿನಡಿಯಿಂದ ಹೊಗೆ ಎದ್ದಿತ್ತು. ಈ ಕಥೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಆದರೂ ಕಥೆ ನಿಜ, ಅದನ್ನು ಅಲ್ಲಗಳೆಯುವ ಹಾಗಿಲ್ಲ.

ನಿವೃತ್ತಿಯಾದ ಮೇಲೆ ಭಾವ ಒಂದು ಹಳೇ ಕಾರು ಕೊಂಡರು. ಅದನ್ನು ಒಂದು ದಿನವೂ ಗ್ಯಾರೇಜಿಗೆ ಬಿಟ್ಟವರಲ್ಲ, ಮನೆಯ ಅಂಗಳದಲ್ಲೇ ಎಲ್ಲ ರಿಪೇರಿ. ಅವರದೊಂದು ಪದ್ಧತಿ ಇತ್ತು. ಬಾನೆಟ್ ಎತ್ತಿ, ಕಣ್ಣು ಮುಚ್ಚಿ ಮೂಸಿ ನೋಡುವುದು. ಮೂಗು ತೀರ್ಪು ಕೊಟ್ಟ ಮೇಲೆಯೇ ಸ್ಪ್ಯಾನರಿಗೆ ಕೈ ಹಾಕುವುದು.

ಹೋದ ತಿಂಗಳು ಮಗಳನ್ನೂ ಅವಳ ಕೈಗೂಸನ್ನೂ ಕೂರಿಸಿಕೊಂಡು ಹೋಗುವಾಗ ಎಂಜಿನ್ ಕಾದು, ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿ, ಕಾರು ನಡುರಸ್ತೆಯಲ್ಲಿ ನಿಂತಿತು. ಸುಡುಬಿಸಿಲು, ಮಗು ಅತ್ತು ಅತ್ತು ಕೆಂಪಾಯಿತು. ಮಗಳೂ ಅಪ್ಪನ ಹಾಗೇ, ಸಿಟ್ಟು ಬಂದರೆ ಎದುರಿಗೆ ಯಾರೆಂದು ನೋಡುವವಳಲ್ಲ. "ಅಪ್ಪಾ, ಭಾನುವಾರ ಬರ್ತೀನಿ. ಅಷ್ಟರಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಕೀ ನಂಗೆ ಕೊಟ್ಬಿಡು, ಮಾರಿಬಿಡೋಣ" ಎಂದುಬಿಟ್ಟಳು. ಅವಳ ಮನೆ ಊರಿನ ಇನ್ನೊಂದು ತುದಿಯಲ್ಲಿ. ಮಂಡಿನೋವಿನ ಅಕ್ಕ ಬಸ್ಸಿನ ಮೆಟ್ಟಿಲು ಹತ್ತಲಾರಳು. ಕಾರು ಹೋದರೆ ಅಜ್ಜ ಅಜ್ಜಿಗೆ ಮೊಮ್ಮಗುವಿನ ಮುಖ ಕಾಣುವುದು ಅಪರೂಪವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯಿಂದ ನಾನು ಹೋಗುವ ಹೊತ್ತಿಗೆ ಭಾವ ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಇಣುಕುತ್ತಿದ್ದರು. ನೀರು ಇಳಿದಿತ್ತು. ನೆಲಕ್ಕೆ ಮಲಗಿ ಕಾರಿನಡಿ ನೋಡಿದರು, ಒಂದು ತೊಟ್ಟೂ ಇಲ್ಲ. ಆಮೇಲೆ ಒಂದೊಂದೇ ಪೈಪಿಗೆ ಮೂಗು ಹಚ್ಚಿದರು.

"ಸೋರಿಕೆ ಇಲ್ಲ" ಎಂದರು. "ನೀರಿಗೆ ಬೆರೆಸಿರೋ ಕೂಲಂಟ್ ಸೋರಿದ್ರೆ ಸಿಹಿ ವಾಸನೆ ಬರ್ಬೇಕು. ಥರ್ಮೋಸ್ಟಾಟ್ ಕಚ್ಚಿಕೊಂಡಿದೆ, ಅಷ್ಟೇ."

ಎಂಜಿನ್ ಬಿಸಿಯಾದಾಗ ತಾನಾಗಿ ತೆರೆದು ನೀರು ಹರಿಯಲು ಬಿಡುವ ಪುಟ್ಟ ಬಾಗಿಲು ಅದು.

ಜಗಲಿಯಲ್ಲಿ ಕೂತಿದ್ದ ಅಕ್ಕ, "ಕಾರೊಳಗೆ ಸಿಹಿ ವಾಸನೆ ಬರುತ್ತೆ ಅಂತ ನಾನು ಆಗಿಂದ ಬಡ್ಕೋತಾನೇ ಇದೀನಿ" ಎಂದಳು.

"ಅದು ನೀನು ಚೆಲ್ಲಿದ ಜ್ಯೂಸ್ ಕಣೇ. ಎಂಜಿನ್ ವಿಷಯ ನನಗೆ ಬಿಡು."

ಥರ್ಮೋಸ್ಟಾಟ್ ಬಿಚ್ಚಿಕೊಂಡು ನೇರ ಅಡುಗೆಮನೆಗೆ ನುಗ್ಗಿದರು. ಅದನ್ನು ನೀರಿನಲ್ಲಿ ಕುದಿಸಿ, ತೆರೆಯುತ್ತದೋ ಇಲ್ಲವೋ ನೋಡಬೇಕಂತೆ. "ಅಯ್ಯೋ, ಅದು ನನ್ನ ಒಳ್ಳೇ ಪಾತ್ರೆ ಕಣ್ರೀ!" ಎಂದು ಅಕ್ಕ ಕೂಗಿದ್ದು ಅವರ ಕಿವಿಗೆ ಬಿದ್ದರೆ ತಾನೆ! ಪಕ್ಕದ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಹಾಲಿತ್ತು. "ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಅಕ್ಕ ನನ್ನೊಡನೆ ಹಿತ್ತಿಲಿಗೆ ಬಟ್ಟೆ ಒಣಹಾಕಲು ಬಂದಳು.

ನಾವು ಊರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸಿರಲಿಲ್ಲ, ಹಾಲು ತಳ ಹತ್ತಿದ ವಾಸನೆ ಹಿತ್ತಿಲಿನವರೆಗೂ ಬಂತು. ಓಡಿದೆವು. ಮುಚ್ಚಿದ ಪಾತ್ರೆಯೊಳಗೆ ಹಾಲು ಸೀದು ಕರಕಲಾಗುತ್ತಿತ್ತು. ಅದರ ಗೇಣು ದೂರದಲ್ಲಿ ಭಾವ ಬಗ್ಗಿ ನಿಂತು ಥರ್ಮೋಸ್ಟಾಟನ್ನೇ ನೋಡುತ್ತಿದ್ದರು.

"ನೋಡೇ, ಸರಿಯಾಗೇ ತೆರೀತು. ಇದರಲ್ಲೇನೂ ತೊಂದರೆ ಇಲ್ವಲ್ಲ..." ಎಂದು ತಲೆ ಕೆರೆದುಕೊಂಡರು.

ಅಕ್ಕ ಒಲೆ ಆರಿಸಿದಳು. "ನಿಮಗೆ ವಾಸನೆ ಬರ್ಲಿಲ್ವಾ?"

"ಯಾವ ವಾಸನೆ?" ಎಂದವರು ಹಾಲಿನ ಪಾತ್ರೆ ನೋಡಿದರು. "ಹಾಂ, ಬಂತು ಬಂತು. ಈಗ ಬಂತು."

"ಯಾವಾಗಿಂದ ಹೀಗೆ?"

ಭಾವ ಸ್ಟೂಲಿನ ಮೇಲೆ ಕುಸಿದು ಕೂತರು.

"ಹೋದ ವರ್ಷ ಆ ಕೆಟ್ಟ ಜ್ವರ ಬಂದಿತ್ತಲ್ಲ, ಅದಾದ ಮೇಲೆ. ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ಕಾದೆ. ಮಗಳಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಕೀ ಹೋಯ್ತು ಅಂತಲೇ."

ಹಾಗಾದರೆ ನಮ್ಮ ಮನೆಗೆ ಬಂದಾಗಲೆಲ್ಲ ಸಾರಿನ ಪಾತ್ರೆಯ ಮುಚ್ಚಳ ಎತ್ತಿ "ಆಹಾ, ಘಮಘಮ" ಎನ್ನುತ್ತಿದ್ದುದೆಲ್ಲ ಬೂಟಾಟಿಕೆ! ಅದನ್ನು ನಂಬಿ ನಾನು ಎಷ್ಟು ಉಬ್ಬಿದ್ದೆ. ಕೋಪ ಬಂತು, ಅದರ ಬೆನ್ನಿಗೇ ಅಯ್ಯೋ ಪಾಪ ಅನ್ನಿಸಿತು. ಯಾರಿಗೂ ಹೇಳದೆ ಈ ಮನುಷ್ಯ ಅಷ್ಟು ಕಾಲ ಒಬ್ಬರೇ ಹೇಗೆ ನುಂಗಿಕೊಂಡಿದ್ದರೋ.

ಅಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ. "ಏಳಿ" ಎಂದು ಅಂಗಳಕ್ಕೆ ನಡೆದಳು. ಕಾರಿನ ಮುಂದಿನ ಬಾಗಿಲು ತೆಗೆದು, ನನ್ನ ಹೆಗಲು ಹಿಡಿದು ಆ ಮಂಡಿಯಲ್ಲೇ ಬಗ್ಗಿ, ತಾನು ದಿನಾ ಕಾಲಿಡುವ ಜಾಗವನ್ನು ಮೂಸಿದಳು. "ಇಲ್ಲಿ."

ಭಾವ ರಬ್ಬರ್ ಮ್ಯಾಟ್ ಎತ್ತಿದರು. ಕೆಳಗಿನ ಹಾಸು ತೊಯ್ದು ಅಂಟಂಟಾಗಿತ್ತು. ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ತೂತು ಬಿದ್ದು, ಎಂಜಿನ್ನಿನ ನೀರೆಲ್ಲ ನೆಲಕ್ಕೆ ಬೀಳದೆ ಕಾರಿನೊಳಗೇ ಇಳಿಯುತ್ತಿತ್ತು. ಮುಂದಿನ ಗಾಜಿಗೆ ದಿನಾ ಕೂರುತ್ತಿದ್ದ ಮಬ್ಬೂ ಅದರದ್ದೇ ಆವಿ. ಭಾವ ಅದನ್ನು ಧೂಳೆಂದು ಒರೆಸಿದ್ದೇ ಒರೆಸಿದ್ದು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ಭಾವ. ಪಾಪ, ಆ ಥರ್ಮೋಸ್ಟಾಟನ್ನ ಸುಮ್ನೆ ಬೇಯಿಸಿದ್ರಿ" ಎಂದೆ.

"ನಿನ್ನ ಬಾಯಿಗಿಷ್ಟು ಬೀಗ ಹಾಕು ತಾಯಿ" ಎಂದರು. ಆದರೂ ನಕ್ಕರು.

ನಮ್ಮೂರ ಸೆಕೆಗೆ ಕಾರಿನಲ್ಲಿ ಹೀಟರ್ ಯಾರಿಗೆ ಬೇಕು? ಅದಕ್ಕೆ ಹೋಗುವ ಎರಡು ಪೈಪುಗಳನ್ನು ಬಿಚ್ಚಿ, ಒಂದು ತುಂಡು ಪೈಪಿನಿಂದ ಒಂದಕ್ಕೊಂದು ಜೋಡಿಸಿ ಕ್ಲಿಪ್ ಬಿಗಿದರು. ಥರ್ಮೋಸ್ಟಾಟ್ ತನ್ನ ಜಾಗಕ್ಕೆ ಮರಳಿತು. ಹೊಸ ಕೂಲಂಟ್ ತುಂಬಿ, ಮುಚ್ಚಳ ತೆರೆದಿಟ್ಟೇ ಎಂಜಿನ್ ಓಡಿಸಿ, ಒಳಗಿನ ಗಾಳಿಯೆಲ್ಲ ಗುಳ್ಳೆಯಾಗಿ ಹೋಗುವವರೆಗೆ ಕಾದು, ಆಮೇಲೆ ಮುಚ್ಚಿದರು. ಅಕ್ಕ ಒಂದೊಂದೇ ಜೋಡಣೆಯನ್ನು ಮೂಸುತ್ತ ಬಂದಳು. "ಇಲ್ಲಿಲ್ಲ. ಇಲ್ಲೂ ಇಲ್ಲ." ಸ್ಪ್ಯಾನರ್ ಹಿಡಿದ ಭಾವ ವಿಧೇಯ ವಿದ್ಯಾರ್ಥಿಯ ಹಾಗೆ ಅವಳ ಹಿಂದೆ. ಫ್ಯಾನ್ ತಾನಾಗಿ ತಿರುಗಿತು, ಮುಳ್ಳು ನಡುವೆ ನಿಂತಿತು.

ಭಾನುವಾರ ಮಗಳು ಬಂದಳು. ಮಗುವನ್ನು ನನ್ನ ಕೈಗಿತ್ತು, ತಾನೇ ಕಾರು ತೆಗೆದುಕೊಂಡು ಸೇತುವೆ ಹತ್ತಿಸಿ, ಊರೆಲ್ಲ ಸುತ್ತಿ ಬಂದಳು. ಮುಳ್ಳು ಅಲುಗಲಿಲ್ಲ.

"ಸರಿ ಅಪ್ಪಾ. ಕೀ ನಿನ್ನ ಹತ್ರಾನೇ ಇರ್ಲಿ."

ಅಬ್ಬಾ, ಬದುಕಿದೆವು ಎಂದುಕೊಂಡೆ. ಭಾವ ತೆಪ್ಪಗಿದ್ದಿದ್ದರೆ ನಾನೂ ಅಕ್ಕನೂ ಸಾಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಅವರು ಕೀಯನ್ನು ಮೇಜಿನ ಮೇಲಿಟ್ಟರು.

"ಪುಟ್ಟೀ, ನಂಗೆ ವಾಸನೆ ಬರಲ್ಲ. ನಾಳೆ ಮಗು ಹಿಂದೆ ಕೂತಿರುವಾಗ ವೈರು ಸುಟ್ರೂ ನಂಗೆ ಗೊತ್ತಾಗಲ್ಲ." ಮಗುವಿನ ಕಡೆ ನೋಡಿ, "ನಿನ್ನ ಮಗು ಹುಟ್ಟಿದ ದಿನ ಎತ್ಕೊಂಡು ನೆತ್ತಿ ಮೂಸಿದೆ. ಏನೂ ಬರ್ಲಿಲ್ಲ. ಅದನ್ನ ನಿಂಗೆ ಹೆಂಗೆ ಹೇಳ್ಲಿ?" ಎಂದರು.

ಇಡೀ ಬಸ್ಸನ್ನು ಖಾಲಿ ಮಾಡಿಸಿದ್ದ ಆ ದನಿ ಒಡೆದುಹೋಗಿತ್ತು. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಮಗಳು ಕೀ ಎತ್ತಿ ಅಕ್ಕನ ಕೈಗೆ ಕೊಟ್ಟಳು. "ಅಮ್ಮ ಪಕ್ಕದಲ್ಲಿ ಕೂತು, ಮೂಸಿ, ಸರಿ ಅಂದ್ಮೇಲೇ ಗಾಡಿ ಹೊರಡ್ಬೇಕು" ಎಂದು ಹೇಳಿ, ಮಗುವನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿದಳು.

ಭಾವ ಮಗುವನ್ನು ನೋಡುತ್ತ ಕೂತರು. "ಹೆಂಗಿದೆ, ಹೇಳೇ" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಬಗ್ಗಿ ಮಗುವಿನ ನೆತ್ತಿ ಮೂಸಿದಳು. ಅವಳಿಗೆ ಬಣ್ಣ ಕಟ್ಟಿ ಮಾತಾಡಲು ಬರುವುದಿಲ್ಲ. ಮಗಳ ಕಡೆ ಕೈ ತೋರಿಸಿ, "ಇವಳು ಹುಟ್ಟಿದಾಗ ಹೆಂಗಿತ್ತೋ ಹಂಗೇ ಇದೆ ಕಣ್ರೀ" ಎಂದಳು.

ಭಾವ ಕಣ್ಣು ಮುಚ್ಚಿ ಮಗುವಿನ ನೆತ್ತಿಗೆ ಮೂಗು ಹಚ್ಚಿದರು. "ಹೌದು," ಎಂದರು, "ಹಂಗೇ ಇದೆ."