ತೊಟ್ಟಿ ಮುಟ್ಟಿದರೆ ಜುಮ್ ಅನ್ನುತ್ತದೆ

ಕಳೆದ ಭಾನುವಾರ ನಾನು ಎಲೆಕ್ಟ್ರಿಷಿಯನ್‌ಗಳ ಇಂಟರ್‌ವ್ಯೂ ಮಾಡಿದೆ. ನಗಬೇಡಿ. ಮನೆಯ ಬಲ್ಬ್ ಬದಲಿಸಲಿಕ್ಕೂ ಪಕ್ಕದ ಮನೆಯವರನ್ನು ಕರೆಯುವ ನಾನು, ತ್ರೀ ಫೇಸ್ ಮೋಟಾರು ನೋಡಿಕೊಳ್ಳುವವರನ್ನು ಆರಿಸಲು ಕುರ್ಚಿ ಹಾಕಿಕೊಂಡು ಕೂತಿದ್ದೆ!

ವಿಷಯ ಇಷ್ಟೇ. ಕಳ್ಳಕವಟಗಿಯಲ್ಲಿರುವ ನನ್ನ ತಮ್ಮ ಮಹಾಂತೇಶ ಒಣದ್ರಾಕ್ಷಿ ತೊಳೆದು ಗ್ರೇಡಿಂಗ್ ಮಾಡುವ ಯೂನಿಟ್ ನಡೆಸುತ್ತಾನೆ. ಈ ಸಲ ಇನ್ನೊಂದು ದೊಡ್ಡ ಮಷಿನ್ ಬಂತು. ಪರ್ಮಿಟ್ ಇರುವ ಎಲೆಕ್ಟ್ರಿಷಿಯನ್ ಇಲ್ಲದೆ ಅದನ್ನು ಕೂರಿಸುವುದಿಲ್ಲ ಎಂದು ಮಷಿನ್ ಮಾರಿದವರು ಪಟ್ಟು ಹಿಡಿದರು. ನೀನು ಕಾಲೇಜಿನಲ್ಲಿ ಕಲಿಸುವವಳು, ಸರ್ಟಿಫಿಕೇಟ್ ಓದಲು ಬಾ ಎಂದು ತಮ್ಮ ಫೋನ್ ಮಾಡಿದ. (ನಾನು ಕಲಿಸುವುದು ಇತಿಹಾಸ. ಅದು ಅವನಿಗೆ ಅಡ್ಡಿಯಾಗಲಿಲ್ಲ.) ನಮ್ಮ ಜಲನಗರದಿಂದ ಬಸ್ ಸ್ಟ್ಯಾಂಡಿಗೆ ಆಟೊ, ಅಲ್ಲಿಂದ ತಿಕೋಟಾ ಮೇಲೆ ಹೋಗುವ ಬಸ್ಸು. ಹೊರಟೇಬಿಟ್ಟೆ.

ಮೂವರು ಬಂದಿದ್ದರು. ಮೊದಲನೆಯವರು ಸರ್ಟಿಫಿಕೇಟ್ ಬದಲು ಸಂಬಂಧ ತಂದಿದ್ದರು. ನಮ್ಮ ದೊಡ್ಡಮ್ಮನ ತವರಿನ ಕಡೆಯವರಂತೆ! ಎರಡನೆಯವರು ದೊಡ್ಡ ಕಲಾವಿದರು. ಬೋರ್ಡಿನ ಮುಚ್ಚಳ ತೆಗೆದು, ಬೆರಳಿನ ಹಿಂಬದಿಯಿಂದ ವೈರು ತಟ್ಟಿ, ಲೈನ್ ಇದೆ ಎಂದು ಘೋಷಿಸಿದರು. ಟೆಸ್ಟರ್ ಎಲ್ಲಿ ಎಂದರೆ, ಕರೆಂಟಿಗೆ ನನ್ನ ಗುರುತಿದೆ ಎಂದರು.

ತಮ್ಮನ ಕಣ್ಣು ಅರಳಿತು. ನಮ್ಮ ಕಡೆ ಓದಿಗಿಂತ ಗುಂಡಿಗೆಗೆ ಮಾರ್ಕ್ಸ್ ಜಾಸ್ತಿ. ಇವರೇ ಫಿಕ್ಸ್ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ.

ಮೂರನೆಯವರು ಬಬಲೇಶ್ವರದ ಸಂಗಪ್ಪ. ಐಟಿಐ, ಪರ್ಮಿಟ್, ಸಕ್ಕರೆ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದ ಕೆಲಸ. ಕಾಗದ ನನ್ನ ಕೈಗಿಟ್ಟವರು ಕೂರಲೇ ಇಲ್ಲ. ಮೊದಲು ಜಾಗ ನೋಡಬೇಕು ಎಂದರು. ಒಳಗೆ ಹಳೆಯ ಮಷಿನ್ ಓಡುತ್ತಿತ್ತು. ಆರು ಜನ ಹೆಣ್ಣುಮಕ್ಕಳು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ತೊಟ್ಟಿಯ ನೀರಿನಲ್ಲಿ ತೇಲುವ ಕಡ್ಡಿ ಕಸ ತೆಗೆಯುತ್ತಿದ್ದರು. ತೊಟ್ಟಿಯ ಕಬ್ಬಿಣದ ಅಂಚಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು.

ಸಂಗಪ್ಪ ಮೋಟಾರು ನೋಡಲಿಲ್ಲ. ನಿಂಬೆಹಣ್ಣು ನೋಡಿದರು. ಯಾರು ಕಟ್ಟಿದ್ದು, ಯಾಕೆ ಎಂದು ಕೇಳಿದರು.

ತಮ್ಮ ಎದೆಯುಬ್ಬಿಸಿದ. ನಮ್ಮ ಹೆಣ್ಣುಮಕ್ಕಳಿಗೆ ಮಷಿನ್ ಅಂದರೆ ದೇವರು, ಅಮಾವಾಸ್ಯೆಗೊಮ್ಮೆ ಅವರೇ ಕಟ್ಟುತ್ತಾರೆ ಎಂದ. ಸಂಗಪ್ಪನವರಿಗೆ ಅವನ ಉತ್ತರ ಬೇಕಿರಲಿಲ್ಲ. ಅವರು ಎಲ್ಲರಿಗಿಂತ ಹಿರಿಯಳಾದ ಯಲ್ಲವ್ವನ ಕಡೆ ತಿರುಗಿದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು: “ತೊಟ್ಟಿ ಮುಟ್ಟಿದ್ರ ಜುಮ್ ಅಂತೈತ್ರಿ. ನಿಂಬಿಹಣ್ಣ ಕಟ್ಟಿದ ಮ್ಯಾಲ ಒಂದೀಟ ಕಡಿಮಿ. ಈಗ ರೂಢಿ ಆಗೇತ್ರಿ.”

ಅಯ್ಯೋ ಶಿವನೇ! ತೊಟ್ಟಿಗೆ ಕರೆಂಟು ಸೋರುತ್ತಿತ್ತು. ಸಂಗಪ್ಪ ದಾಪುಗಾಲು ಹಾಕಿ ಹೋಗಿ ಮೇನ್ ಸ್ವಿಚ್ ಇಳಿಸಿಯೇಬಿಟ್ಟರು. ನೌಕರಿ ಇನ್ನೂ ಸಿಕ್ಕಿಲ್ಲ, ಮಾಲೀಕನನ್ನು ಕೇಳಿಲ್ಲ! ನಾಳೆ ಲಾರಿ ಬರುತ್ತದೆ, ಮಾಲು ಹಾಗೇ ಬಿದ್ದಿದೆ ಎಂದು ತಮ್ಮ ಕೂಗಾಡಿದ. ಸಂಗಪ್ಪ ದನಿ ಏರಿಸಲಿಲ್ಲ.

“ಸಾಹೇಬ್ರ, ಇವತ್ತ ಜುಮ್ ಅಂದು ಬಿಟ್ಟೈತಿ. ನಾಳೆ ಹಿಡಕೊಂಡ್ರ ಬಿಡಂಗಿಲ್ಲ. ಬೇಕಾದ್ರ ನನ್ನ ಕೆಲಸಕ್ಕ ತಗೋಬ್ಯಾಡ್ರಿ. ಆದ್ರ ಇದನ್ನ ಚಾಲೂ ಮಾಡಬ್ಯಾಡ್ರಿ.”

ತಮ್ಮ ಆರೂ ಜನರ ಕಾಲು ನೋಡಿದ. ಈಗ ಏನು ಮಾಡಬೇಕು ಎಂದು ಸಂಗಪ್ಪನವರನ್ನೇ ಕೇಳಿದ.

ಸೋರಿದ ಕರೆಂಟನ್ನು ಮನುಷ್ಯರ ಮೈಗೆ ಬಿಡದೆ ನೆಲಕ್ಕೆ ಇಳಿಸುವುದು ಅರ್ಥಿಂಗ್. (ಇದನ್ನೂ ಅವತ್ತೇ ಕಲಿತೆ.) ಅದರ ವೈರು ಇಳಿಯುವ ಗುಂಡಿ ಎಲ್ಲಿ? ಉದ್ಘಾಟನೆಯ ದಿನ ಅಂಗಳದಲ್ಲಿ ಚಂದ ಕಾಣುವುದಿಲ್ಲವೆಂದು ವೈರು ಕತ್ತರಿಸಿ, ಮೇಲೆ ಟೈಲ್ಸ್ ಕೂರಿಸಿದ್ದರು! ಮಷಿನ್ ಅದಿಲ್ಲದೆಯೂ ಓಡಿತಲ್ಲ, ಯಾರಿಗೆ ಬೇಕಿತ್ತು ಅರ್ಥಿಂಗ್ ವೈರು? ತಮ್ಮನೇ ಹಾರೆ ತಂದು ತನ್ನ ಟೈಲ್ಸ್ ತಾನೇ ಒಡೆದ. ಗುಂಡಿಯ ಮಣ್ಣು ಒಣಗಿರಬಾರದಂತೆ, ನಾನು ಕೊಡ ಹಿಡಿದು ನೀರು ಸುರಿದೆ. ಎಷ್ಟು ಖುಷಿಯಾಯಿತು ಗೊತ್ತೇ? ಇಪ್ಪತ್ತು ವರ್ಷದ ಪಾಠದಲ್ಲಿ ಒಂದು ದಿನವೂ ಅಷ್ಟು ಉಪಯೋಗಕ್ಕೆ ಬಂದಿರಲಿಲ್ಲ ನಾನು.

ಮೋಟಾರಿನ ಸೋರಿಕೆ ನಿಲ್ಲಿಸಿ, ಹೊಸ ವೈರು ಜೋಡಿಸಿ, ಮೀಟರ್ ಹಚ್ಚಿ ನೋಡಿ, ಸಂಜೆಗೆ ಸಂಗಪ್ಪ ಸ್ವಿಚ್ ಏರಿಸಿದರು. ಮೀಟರನ್ನು ಮತ್ತೊಮ್ಮೆ ನೋಡಿ, ತೊಟ್ಟಿಯ ಮೇಲೆ ಮೊದಲು ತಾವೇ ಕೈ ಇಟ್ಟರು. ಆಮೇಲೆ ಯಲ್ಲವ್ವ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು.

“ಜುಮ್ ಅನವಲ್ದಲ್ರಿ. ಮಷಿನ್ ಚಾಲೂ ಐತೋ ಇಲ್ಲೋ?”

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ತಮ್ಮ ಮಾತ್ರ ನಗಲಿಲ್ಲ. ನಾಳೆಯಿಂದಲೇ ಬರಬೇಕು ಎಂದು ಸಂಗಪ್ಪನವರ ಕೈ ಹಿಡಿದುಕೊಂಡ.

ವಾಪಸು ತಿಕೋಟಾವರೆಗೆ ನಾನೂ ಸಂಗಪ್ಪನವರೂ ಒಂದೇ ಬಸ್ಸು. ಆ ಹೆಣ್ಣುಮಕ್ಕಳು ಒಂದು ಮಾತು ಮೊದಲೇ ಹೇಳಬಾರದಿತ್ತೇ, ಓದಿಲ್ಲ ಪಾಪ, ಎಂದು ನಾನು ದಾರಿಯುದ್ದಕ್ಕೂ ಲೊಚಗುಟ್ಟಿದೆ. ನಿಮ್ಮ ಮನೆಯಲ್ಲಿ ಎಲ್ಲ ಬರೋಬ್ಬರಿ ಇದೆಯೇ ಎಂದು ಅವರು ಕೇಳಿದರು. ಎಲ್ಲ ಸರಿ ಇದೆ, ಗೀಸರಿನ ನಲ್ಲಿ ಮಾತ್ರ ಸ್ವಲ್ಪ ಚುರ್ ಅನ್ನುತ್ತದೆ, ಅದಕ್ಕೇ ರಬ್ಬರ್ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುತ್ತೇವೆ ಎಂದೆ.

ಎಂದವಳು ಅಲ್ಲೇ ಬಾಯಿ ಮುಚ್ಚಿಕೊಂಡೆ. ಸಂಗಪ್ಪ ನನ್ನನ್ನೇ ನೋಡುತ್ತಿದ್ದರು.

ಹೇಳಿ, ನಿಮ್ಮ ಮನೆಯಲ್ಲಿ ಯಾವುದನ್ನು ಚಪ್ಪಲಿ ಹಾಕಿಕೊಂಡು ಮುಟ್ಟುತ್ತೀರಿ?