ಹಣೆಯ ಮೇಲಿನ ಬೂದು

ಉಮದಿಯ ಬಸ್ ನಿಲ್ದಾಣದ ಎದುರಿನ ಸಣ್ಣ ಸ್ಟುಡಿಯೋದಲ್ಲಿ ಅಮೋಗಸಿದ್ದ ಹಳೆಯ ಕಪ್ಪು-ಬಿಳುಪು ಫೋಟೋಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಿದ್ದ. ಮದುವೆಯ ಫೋಟೋಗಳು ಅವನ ಹೊಟ್ಟೆಪಾಡು. ಸೈನಿಕರ ಫೋಟೋಗಳು ಅವನ ಅಭಿಮಾನ. ಸಮವಸ್ತ್ರಕ್ಕೆ ಅಂದಾಜಿನ ಬಣ್ಣ ಹಚ್ಚುವುದನ್ನು ಅವನು ಮೋಸವೆಂದೇ ಭಾವಿಸಿದ್ದ. ಗುಂಡಿ ಹಿತ್ತಾಳೆಯದೋ ಕರಿಯದೋ, ಭುಜದ ಹುರಿ ಯಾವ ಬಣ್ಣದ್ದೋ ಎಂದು ತಿಳಿಯಲು ನಿವೃತ್ತ ಸೈನಿಕರ ಮನೆಗಳಿಗೆ ಬೈಕಿನಲ್ಲಿ ಹೋಗುತ್ತಿದ್ದ. ಟೊಪ್ಪಿಗೆಯ ಬಿಲ್ಲೆಯನ್ನು ದೊಡ್ಡದು ಮಾಡಿ, ಮರಾಠಿಯಲ್ಲಿ ಪ್ರಶ್ನೆ ಬರೆದು, ಆ ಸೇನಾ ಪಲ್ಟಣಿನ ಮರಾಠಿ ಮಾತಿನ ಹಳಬರ ಮೊಬೈಲಿಗೆ ಕಳುಹಿಸುತ್ತಿದ್ದ.

ಬಿಳೂರಿನ ಗೌರವ್ವ ತಂದುಕೊಟ್ಟದ್ದು ಅವಳ ತಂದೆ ಶ್ರೀಶೈಲಪ್ಪನ ಫೋಟೋ. ಅವಳು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವನು ಗಡಿಯಲ್ಲಿ ಯುದ್ಧಕ್ಕೆ ಬಲಿಯಾಗಿದ್ದ. ಚೌಕಟ್ಟಿನ ಗಾಜು ಎಂದೋ ಒಡೆದುಹೋಗಿತ್ತು; ಚಿತ್ರದ ಹಣೆಯ ಮೇಲೆ ಬೂದುಬಣ್ಣದ ಒರಟು ಪದರವೊಂದು ಕೂತಿತ್ತು. ಸ್ಕ್ಯಾನ್ ಮಾಡುವ ಮೊದಲು ಅಮೋಗಸಿದ್ದ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಅದನ್ನು ಒರೆಸಿದ. ಬೂಷ್ಟು ಎಂದುಕೊಂಡಿದ್ದ. ಹಣೆ ಸ್ವಚ್ಛವಾಗಿ ಕಂಡಾಗ ಸಂತೋಷಪಟ್ಟಿದ್ದ ಕೂಡ.

ಚಿತ್ರ ಒಯ್ಯಲು ಗೌರವ್ವ ಮಗಳು ವಿದ್ಯಾವತಿಯೊಂದಿಗೆ ಬಂದಳು.

"ಬರ್ರಿ ಅವ್ವಾರ, ಕುಂದ್ರಿ," ಎಂದ ಅಮೋಗಸಿದ್ದ ಬಣ್ಣದ ಚಿತ್ರವನ್ನು ಅವಳ ಕೈಗಿತ್ತ.

"ಅಯ್ಯ, ನಮ್ಮಪ್ಪ ಇಷ್ಟ ಚಂದ ಇದ್ದನೇನ! ಮತ್ತ ನಾ ಯಾಕ ಹಿಂಗ ಆದ್ನಿ?"

"ಅಜ್ಜಿನ್ನ ಹೋಲ್ತಿರಬೇಕ ನೀ," ವಿದ್ಯಾವತಿ ನಕ್ಕಳು. "ಆಕಿದೊಂದು ಫೋಟೋ ಇದ್ದಿದ್ರ ಈಗ ತೋರಸ್ತಿದ್ನಿ."

"ಎಲ್ಲಿಂದ ಇರ್ತದ? ಫೋಟೋ ತಗಿಸ್ಕೊಂಡ್ರ ಆಯುಷ್ಯ ಕಡಿಮಿ ಆಗ್ತದಂತ ಓಡಿ ಹೋಗ್ತಿದ್ಲು."

ನಗುತ್ತಲೇ ಗೌರವ್ವ ಮೂಲ ಫೋಟೋವನ್ನು ಕೇಳಿ ಪಡೆದಳು. ಕಣ್ಣು ಬಣ್ಣದ ಚಿತ್ರದ ಮೇಲೇ ಇದ್ದರೂ ಬೆರಳು ರೂಢಿಯಂತೆ ಹಳೆಯದರ ಹಣೆಯನ್ನು ತಡವಿತು, ಅಲ್ಲೇ ನಿಂತಿತು.

"ತಮ್ಮಾ, ಇಲ್ಲಿ ನಮ್ಮವ್ವನ ಇಬತ್ತಿ ಇತ್ತಲ್ಲ?"

ಗಂಡ ಸತ್ತ ಸುದ್ದಿ ಬಂದಂದಿನಿಂದ ಅವಳ ತಾಯಿ ದಿನವೂ ಪೂಜೆ ಮುಗಿಸಿ, ತನ್ನ ಹಣೆಗೆ ಹಚ್ಚಿಕೊಂಡ ಬೆರಳಿನಿಂದಲೇ ಆ ಹಣೆಗೂ ವಿಭೂತಿ ಹಚ್ಚುತ್ತಿದ್ದಳು. ತಾನು ಸಾಯುವ ತನಕ ತಪ್ಪಿಸಿರಲಿಲ್ಲ. ಅವಳು ಹೋದ ಮೇಲೆ ಗೌರವ್ವ ಅದರ ಮೇಲೆ ಹೊಸ ವಿಭೂತಿ ಹಚ್ಚಲಿಲ್ಲ. ಮುಟ್ಟಿ ನೋಡುತ್ತಿದ್ದಳು, ಅಷ್ಟೆ. ತಾಯಿಯದೆಂದು ಮನೆಯಲ್ಲಿ ಉಳಿದದ್ದು ಆ ಒರಟು ಪದರವೊಂದೇ.

ತನ್ನ ಮನೆದೇವರ ಭಂಡಾರದ ಹಳದಿ ಅರಿಶಿನಪುಡಿಯಾಗಿದ್ದರೆ ಎಷ್ಟೇ ಮಾಸಿದ್ದರೂ ಅಮೋಗಸಿದ್ದ ಗುರುತಿಸುತ್ತಿದ್ದ. ಒಂದು ಹುರಿಯ ಬಣ್ಣಕ್ಕಾಗಿ ಊರೂರು ಅಲೆದವನು, ಹಣೆಯ ಮೇಲಿರುವುದೇನೆಂದು ಫೋಟೋ ತಂದವಳನ್ನೇ ಒಂದು ಮಾತು ಕೇಳಿರಲಿಲ್ಲ.

"ಭಾಳ ಹಳೇದು. ಬಸ್ಸಿನ್ಯಾಗ ತಾನ ಉದರಿರಬೇಕ ಬಿಡವ್ವ," ಎಂದಳು ವಿದ್ಯಾವತಿ.

ಅಮೋಗಸಿದ್ದ ಹೌದೆಂಬಂತೆ ತಲೆಯಾಡಿಸಿದ. ಅಷ್ಟಕ್ಕೆ ಮುಗಿಯಬಹುದಿತ್ತು. ಆದರೆ ಗೌರವ್ವ, ಫೋಟೋವನ್ನು ಅಂದು ಸುತ್ತಿ ತಂದಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಉದುರಿದ ಪುಡಿಯೇನಾದರೂ ಉಳಿದಿದೆಯೇ ಎಂದು ಮಡಿಕೆ ಮಡಿಕೆಯಲ್ಲೂ ಬೆರಳಾಡಿಸತೊಡಗಿದಳು.

"ಹುಡಕಬ್ಯಾಡ್ರಿ ಅವ್ವಾರ," ಎಂದ ಅಮೋಗಸಿದ್ದ. "ಉದರಿಲ್ರಿ ಅದು. ನಾನ ಒರಸೀನಿ. ಬೂಷ್ಟ ಅಂತ ತಿಳಕೊಂಡ್ನಿ."

ಅವನು ಮೊಣಕಾಲೂರಿ ಮೇಜಿನ ಕೆಳಗಿನ ಕಸದ ಡಬ್ಬಿಯನ್ನು ಸುರುವಿದ. ಕಾಗದದ ತುಣುಕು, ಚಹಾದ ಕಪ್ಪುಗಳ ನಡುವೆ ಒಣಗಿ ಗಟ್ಟಿಯಾದ ಹತ್ತಿಯ ಉಂಡೆ ಸಿಕ್ಕಿತು. ಒಂದು ಬದಿ ಬೂದಾಗಿತ್ತು. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಚಾಚಿದ.

ಗೌರವ್ವ ಅದನ್ನು ಮೂಸಿದಳು. ಸ್ಪಿರಿಟಿನ ವಾಸನೆಗೆ ಮುಖ ಹಿಂದೆ ಸರಿಯಿತು. ಆದರೂ ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿಕೊಂಡಳು. ವಿದ್ಯಾವತಿ ಬಣ್ಣದ ಚಿತ್ರವನ್ನು ಚೀಲಕ್ಕೆ ಹಾಕಿಕೊಂಡಳು.

ಹೊಸ್ತಿಲಲ್ಲಿ ನಿಂತು ಗೌರವ್ವ ಹಿಂದಿರುಗಿ ನೋಡಿದಳು.

"ಬಣ್ಣ ಭಾಳ ಚಲೋ ಹಚ್ಚೀದಿ, ತಮ್ಮಾ."

ಅಮೋಗಸಿದ್ದ ತಲೆಯೆತ್ತಲಿಲ್ಲ. ಆಗಲೇ ಬಿಗಿಯಾಗಿದ್ದ ಸ್ಪಿರಿಟ್ ಬಾಟಲಿಯ ಮುಚ್ಚಳವನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದ.