ನಮ್ಮ ಮನೆಯ ನಲ್ಲಿಗುಂಡಿ

ನಮ್ಮೂರಿನ ಅರ್ಧ ಜನ ನನ್ನ ಗಂಟಲಿನಲ್ಲೇ ಬಿಡಾರ ಹೂಡಿದ್ದಾರೆ. ಹುಣಸೂರು ಬಸ್ಸಿನ ಕಂಡಕ್ಟರು, ಪಿರಿಯಾಪಟ್ಟಣದ ಹರಾಜಿನಲ್ಲಿ ಹೊಗೆಸೊಪ್ಪನ್ನು ಎರಡೇ ಬೆರಳಲ್ಲಿ ಎತ್ತಿ ಮೂಗು ಮುರಿಯುವ ಖರೀದಿದಾರ, ಫೋನು ಹಿಡಿದರೆ ಮೈಸೂರಿನವರೆಗೆ ಬರಿಬಾಯಲ್ಲೇ ಕೇಳಿಸಬೇಕು ಎನ್ನುವಂತೆ ಕೂಗುವ ನಮ್ಮವ್ವ, ಯಾರು ಬೇಕು ಹೇಳಿ. ನನ್ನ ಸ್ವಂತದ್ದೂ ಒಂದು ದನಿಯಿದೆ. ಡಿಗ್ರಿಯಲ್ಲಿ ಎರಡು ವಿಷಯ ಉಳಿಸಿಕೊಂಡು, ಈ ಸಲ ಗ್ಯಾರಂಟಿ ಎಂದು ಮೂರು ವರ್ಷದಿಂದ ಹೇಳುತ್ತಿರುವವನ ದನಿ ಅದು. ಅದನ್ನು ಅಣಕಿಸುವುದಕ್ಕೆ ಊರಲ್ಲಿ ಬೇರೆಯವರಿದ್ದಾರೆ.

ನನ್ನ ಕೈಯಲ್ಲಿ, ಅಂದರೆ ಬಾಯಲ್ಲಿ, ಹೆಚ್ಚು ಪಾಡು ಪಟ್ಟವರು ನಮ್ಮೂರಿನ ನೀರಗಂಟಿ. ಐವತ್ತು ದಾಟಿದ ಉದ್ದನೆಯ ಆಳು. ಊರ ಹುಡುಗರಿಗೆಲ್ಲ ಮಾವ. ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟು, ಬೀದಿಯ ತುದಿಯಲ್ಲಿ ನಿಂತು ಕೂಗುತ್ತಿದ್ದರು: “ನೀರ್ ಬುಟ್ಟಿವ್ನಿ ಕಣ್ರವ್ವಾ, ಇಡ್ಕಳಿ! ಆಮ್ಯಾಕೆ ನನ್ ಬೈಬ್ಯಾಡಿ!” ನಾನು ಅದೇ ದನಿಯಲ್ಲಿ ಹೊತ್ತಲ್ಲದ ಹೊತ್ತಲ್ಲಿ ಕೂಗಿ, ಹೆಂಗಸರು ಕೊಡ ಹಿಡಿದು ಓಡಿ ಬರುವುದನ್ನು ನೋಡಿ ನಗುತ್ತಿದ್ದೆ. ಅವರಿಂದ ಬೈಸಿಕೊಂಡು, ಬೈದವರನ್ನೇ ಮರುದಿನ ಅಣಕಿಸುತ್ತಿದ್ದೆ.

ಇಷ್ಟಾಗಿದ್ದರೆ ಬರೆಯುವ ಮಾತಿರಲಿಲ್ಲ. ಟೀ ಅಂಗಡಿಯ ಮುಂದೆ ನಾನೊಂದು ಆಟ ಕಟ್ಟಿದ್ದೆ. ನೀರಗಂಟಿ ಟ್ಯಾಂಕಿನ ಏಣಿ ಹತ್ತುತ್ತಾರೆ, ಬ್ಲೀಚಿಂಗ್ ಪುಡಿಯ ಚೀಲ ಬಿಚ್ಚುತ್ತಾರೆ, ಏಳು ಸಲ ಸೀನುತ್ತಾರೆ, ಅರ್ಧ ಪುಡಿಯನ್ನು ಟ್ಯಾಂಕಿಗೆ ಸುರಿದು ಇನ್ನರ್ಧವನ್ನು ಟವಲಿನಲ್ಲಿ ಕಟ್ಟಿಕೊಂಡು ಇಳಿಯುತ್ತಾರೆ. “ಯಾಕ್ ಮಾವ?” ಎಂದರೆ, “ಮನೇಲಿ ಸರ್ಟು ಒಗೀಬೇಕು ಕಣ್ಲಾ!” ಅವರ ಅಂಗಿ ಸದಾ ಬೆಳ್ಳಗಿರುತ್ತಿದ್ದದ್ದು ನಿಜ. ಉಳಿದದ್ದೆಲ್ಲ ನಾನು ಹೆಣೆದದ್ದು. ಟ್ಯಾಂಕಿನ ಮೇಲೆ ಅವರು ಏನು ಮಾಡುತ್ತಾರೆಂದು ನಾನು ಒಂದು ದಿನವೂ ನೋಡಿರಲಿಲ್ಲ. ಜನ ಮಾತ್ರ ಬಿದ್ದು ಬಿದ್ದು ನಕ್ಕರು.

ಇನ್ನು ಗುಂಡಿಯ ವಿಚಾರ. ನಮ್ಮದು ಇಳಿಜಾರಿನ ಊರು. ಮೇಲ್ತುದಿಯಲ್ಲಿ ನೀರಿನ ಟ್ಯಾಂಕು, ಕೆಳತುದಿಯಲ್ಲಿ ಶಾಲೆ, ನಡುವೆ ನಮ್ಮ ಬೀದಿ. ಕೆಳಗಿನ ಬೀದಿಗೆ ಹೋಗುವ ಪೈಪೂ ನಮ್ಮ ಬೀದಿಯಲ್ಲೇ ಹಾದು ಹೋಗುತ್ತದೆ. ಕೆಳಗಿನ ಬೀದಿಯವರು ನಲ್ಲಿ ತೆರೆದರೆಂದರೆ ನಮಗೆ ಬರುವ ನೀರು ನೂಲಿನಷ್ಟಾಗುತ್ತಿತ್ತು. ಅದಕ್ಕೆ ನಮ್ಮವರೆಲ್ಲ ಕಂಡುಕೊಂಡಿದ್ದ ಉಪಾಯವೆಂದರೆ ನಲ್ಲಿಗುಂಡಿ. ಮನೆ ಮುಂದೆ ನೆಲ ಅಗೆದು, ಪೈಪನ್ನು ಅಲ್ಲೇ ಕತ್ತರಿಸಿ, ಗುಂಡಿಯೊಳಗೆ ಕೊಡ ಇಳಿಸಿ ನೀರು ಹಿಡಿಯುವುದು. ನೆಲಕ್ಕಿಂತ ಎಷ್ಟು ಕೆಳಗೆ ಹೋದರೆ ಅಷ್ಟು ನೀರು. ಪಕ್ಕದ ಮನೆಯವರು ಮೊಣಕಾಲುದ್ದ ತೋಡಿದರೆ ನಾವು ತೊಡೆಯುದ್ದ ತೋಡಬೇಕು. ನಾನು ಅವ್ವನ ಹತ್ತಿರ ಭೇಷ್ ಅನ್ನಿಸಿಕೊಳ್ಳುವ ಆಸೆಗೆ ಸೊಂಟದುದ್ದ ತೋಡಿದೆ. ಗುಂಡಿಯ ಪೈಪಿಗೆ ನಲ್ಲಿಯ ತಿರುಪು ಯಾರೂ ಹಾಕಿಸುತ್ತಿರಲಿಲ್ಲ. ಮುಸುಕಿನ ಜೋಳದ ಕಾಳು ಬಿಡಿಸಿದ ಬೆಂಡನ್ನು ತುರುಕಿಬಿಟ್ಟರೆ ಮುಗಿಯಿತು.

ಗುಂಡಿಗೂ ಮೋರಿಗೂ ನಡುವೆ ಒಂದು ಗೇಣು ಮಣ್ಣು. ನೀರಗಂಟಿ ಅದನ್ನು ನೋಡಿ ಹೇಳಿದ್ದರು.

“ಮುಚ್ಲಾ ಅದ. ಮೋರಿ ಪಕ್ದಲ್ಲೇ ಅದೆ, ಕಣ್ ಕಾಣಾಕಿಲ್ವಾ?”

ನಾನು ಅವರದೇ ದನಿಯಲ್ಲಿ, “ಮುಚ್ತೀನಿ ಕಣ್ರವ್ವಾ, ಆಮ್ಯಾಕೆ ನನ್ ಬೈಬ್ಯಾಡಿ!” ಎಂದೆ. ಅವರು ಕೀಲಿ ಎತ್ತಿ ಹೊಡೆಯುವಂತೆ ಮಾಡಿ, ನಕ್ಕು ಹೋದರು.

ಹೋದ ವರ್ಷದ ಮುಂಗಾರಿನಲ್ಲಿ ಕೊಡಗಿನ ಕಡೆಯಿಂದ ಹೊಡೆದ ಮಳೆ ಎರಡು ದಿನ ಬಿಡಲಿಲ್ಲ. ಮೋರಿ ಉಕ್ಕಿ ನಮ್ಮ ಗುಂಡಿ ತುಂಬಿತು. ಮೇಲೆ ಸೋಪಿನ ನೊರೆ, ಕೋಳಿ ಪುಕ್ಕ, ಇನ್ನೂ ಏನೇನೋ. ಮೂರನೆಯ ಬೆಳಿಗ್ಗೆ ನೀರಗಂಟಿ ಕೆಳಗಿನ ಬೀದಿಗೆ ನೀರು ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ವಾಲ್ವ್ ನಿಲ್ಲಿಸಿದರು. ನಾನು ತಗಡಿನ ಡಬ್ಬ ಹಿಡಿದು ಕೊಳೆನೀರು ಎತ್ತಿಹಾಕಲು ಬಂದವನು ಹಾಗೇ ನಿಂತೆ. ಯಾರೂ ಮುಟ್ಟದೆ ಗುಂಡಿಯ ನೀರು ಇಳಿಯುತ್ತಿತ್ತು. ಬೆಂಡು ಕಿತ್ತು ತೇಲುತ್ತಿತ್ತು. ಬಾಯಾರಿದ ಎಮ್ಮೆ ಕಲಗಚ್ಚು ಕುಡಿಯುವಂತೆ ಪೈಪು ಗೊಳಕ್ ಗೊಳಕ್ ಎಂದು ಸದ್ದು ಮಾಡಿ ಅಷ್ಟನ್ನೂ ಒಳಗೆಳೆದುಕೊಂಡಿತು.

ನನಗೆ ಆಗ ಆದದ್ದು ಸಂತೋಷ. ಎತ್ತಿಹಾಕುವ ಕೆಲಸ ತಪ್ಪಿತಲ್ಲ! ಒಳಗೆ ಹೋಗಿ ಅವ್ವನ ಮುಂದೆ ಆ ಸದ್ದನ್ನು ಮಾಡಿ ತೋರಿಸಿದೆ. ಅವ್ವ ರೊಟ್ಟಿ ತಟ್ಟುತ್ತಲೇ ನಕ್ಕಳು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಬೀದಿಯ ನಾಲ್ಕು ಮನೆಗಳಲ್ಲಿ ವಾಂತಿ ಭೇದಿ. ಸಂಜೆಗೆ ಮನೆ ಲೆಕ್ಕ ತಪ್ಪಿತು. ನಮ್ಮ ಬೀದಿಯಲ್ಲಿ ಒಬ್ಬರಿಗೂ ಏನೂ ಇಲ್ಲ. “ಕೆಳಗಿನೋರು ಏನ್ ತಿಂದ್ರೋ ಏನೋ” ಎಂದು ನಮ್ಮವರು ಮಾತಾಡಿಕೊಂಡರು. ನಾನೂ ತಲೆ ಆಡಿಸಿದೆ. ಆದರೆ ಕಣ್ಣು ನಮ್ಮ ಗುಂಡಿಯ ಕಡೆಗೇ ಹೋಯಿತು. ನೀರು ಮೇಲಿನಿಂದ ಕೆಳಕ್ಕೆ ಹೋಗುತ್ತದೆ ಎಂದು ತಿಳಿಯಲು ಡಿಗ್ರಿಯ ಆ ಎರಡು ವಿಷಯ ಪಾಸಾಗಬೇಕಿರಲಿಲ್ಲ.

ಶಾಲೆಗೆ ರಜೆ ಕೊಟ್ಟು ಅಲ್ಲೇ ಆಸ್ಪತ್ರೆ ಮಾಡಿದರು. ಡೆಸ್ಕುಗಳನ್ನು ಜೋಡಿಸಿ ಮಲಗಿಸಿದ್ದರು. ಕಿಟಕಿಯ ಸರಳುಗಳಿಗೆ ಗ್ಲೂಕೋಸ್ ಬಾಟಲಿ ಕಟ್ಟಿದ್ದರು. ಕರಿಹಲಗೆಯ ಮೇಲೆ ಮಕ್ಕಳ ಮಗ್ಗಿಯ ಪಕ್ಕದಲ್ಲೇ ರೋಗಿಗಳ ಹೆಸರು. ಅದರಲ್ಲಿ ನಮ್ಮತ್ತೆಯದೂ ಇತ್ತು. ಅತ್ತೆ ಎಂದರೆ ಅಪ್ಪನ ತಂಗಿ, ಅದೇ ಊರಲ್ಲಿ ಕೆಳಗಿನ ಬೀದಿಗೆ ಮದುವೆಯಾಗಿ ಹೋದವಳು. ನನ್ನ ಅಣಕಗಳಿಗೆ ಊರಲ್ಲಿ ಮೊದಲು ನಗುವವಳು.

ಒಂದೇ ದಿನಕ್ಕೆ ಅವಳ ಕಣ್ಣುಗಳು ಒಳಗೆ ಹೋಗಿದ್ದವು. ತುಟಿ ಸಿಪ್ಪೆಯೆದ್ದಿತ್ತು.

“ಬಂದಾ?” ಎಂದಳು. “ಯಾರ್ದಾರ ಮಾಡ್ಲಾ. ಒತ್ತೇ ಓಯ್ತಿಲ್ಲ.”

ನಾನು ಕಂಡಕ್ಟರನ್ನು ಕರೆದೆ, ಬರಲಿಲ್ಲ. ಖರೀದಿದಾರನನ್ನು ಕರೆದೆ, ಅವನೂ ಇಲ್ಲ. ಬಾಯಿ ತೆರೆದರೆ ಒಣಗಾಳಿ. ಡಾಕ್ಟರಮ್ಮ ಬಂದು, “ಒಂದಕ್ಕೆ ಹೋಯ್ತಾ?” ಎಂದು ಕೇಳಿದರು. ಅತ್ತೆ ಇಲ್ಲವೆಂದಳು. ಒಂದು ಗಂಟೆ ಬಿಟ್ಟು ಮತ್ತೆ ಕೇಳಿದರು. ಇಲ್ಲ. ಮೂರನೆಯ ಸಲ ಕೇಳಿದಾಗ ಡಾಕ್ಟರಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. “ಕಿಡ್ನಿಗೆ ಹೊಡೀತಿರಬಹುದು, ಮೈಸೂರಿಗೆ ಕಳಿಸೋಣ” ಎಂದರು. ಆಂಬುಲೆನ್ಸಿಗೆ ಹತ್ತಿಸುವಾಗ ಅತ್ತೆ ನನ್ನ ಕೈ ಹಿಡಿದು, “ನೀನ್ ಯಾಕ್ಲಾ ಇಂಗ್ ಬೆವ್ತಿದ್ದೀಯ? ನಿಂಗೂ ಸುರುವಾಯ್ತಾ?” ಎಂದಳು.

ಮನೆಗೆ ಓಡಿ ಬಂದು ನಾನು ಮಾಡಿದ ಘನಕಾರ್ಯ ಇದು: ಗುಂಡಿಯ ಮೇಲೆ ಜಿಂಕ್ ಶೀಟು ಮುಚ್ಚಿ, ಅದರ ಮೇಲೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆಂದು ತಂದಿದ್ದ ಸೌದೆ ಪೇರಿಸಿದೆ. ಹೊಗೆಸೊಪ್ಪು ಬೇಯಿಸಬೇಕಾದ ಸೌದೆ ನನ್ನ ತಪ್ಪಿಗೆ ಮುಸುಕಾಯಿತು. ಪುಸ್ತಕ ಹಿಡಿದುಕೊಂಡು ಮನೆಮನೆ ನೋಡುತ್ತಿದ್ದ ಆರೋಗ್ಯ ಇಲಾಖೆಯವರು ನಮ್ಮ ಬಾಗಿಲಿಗೂ ಬಂದರು. “ಇಲ್ಲಿ ಯಾರಿಗೂ ಹುಷಾರು ತಪ್ಪಿಲ್ಲ ತಾನೆ?” ಎಂದರು. ಇಲ್ಲ ಎಂದೆ. ಬರೆದುಕೊಂಡು ಮುಂದೆ ಹೋದರು.

ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಬಾಗಿಲು ಹಾಕಿದಳು. ಜೀವಮಾನದಲ್ಲಿ ಮೊದಲ ಸಲ ಪಿಸುದನಿಯಲ್ಲಿ ಮಾತಾಡಿದಳು.

“ಬಾಯ್ ಮುಚ್ಕಂಡಿರು. ನಮ್ಮೊಬ್ರ ಮನೆ ಮುಂದೇನಾ ಗುಂಡಿ ಇರಾದು? ಸಾಲಾಗಿ ಎಲ್ರದೂ ಅವೆ.”

“ಕುಡ್ದಿದ್ದು ನಮ್ ಗುಂಡಿ ಕಣವ್ವ. ನಾ ನೋಡ್ದೆ.”

“ನೋಡ್ಲಿಲ್ಲ ಅನ್ಕೊ.”

ಅನ್ಕೊಂಡೆ. ಒಂದು ದಿನ ಪೂರ್ತಿ ಅನ್ಕೊಂಡೆ. ಆ ದಿನ ಊರಿನಲ್ಲಿ ಯಾರು ಚೊಂಬು ಹಿಡಿದು ಬೇಗ ಬೇಗ ನಡೆದರೂ ನಾನು ಬೆರಳು ಮಡಿಸಿ ಲೆಕ್ಕ ಹಿಡಿಯುತ್ತಿದ್ದೆ. ಅತ್ತೆಯ ಮಗಳಿಗೆ ಫೋನು ಮಾಡುವುದು, ಅವಳು ಎತ್ತುವ ಮೊದಲೇ ಇಟ್ಟುಬಿಡುವುದು. ಹೀಗೇ ಎಷ್ಟು ಸಲವೋ.

ಅಷ್ಟರಲ್ಲಿ ಊರು ತಪ್ಪಿತಸ್ಥನನ್ನು ಹುಡುಕಿಯಾಗಿತ್ತು. ಮಾರನೆಯ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಪಂಚಾಯಿತಿ ಅಧ್ಯಕ್ಷರು, ಡಾಕ್ಟರಮ್ಮ, ಜನ ಎಲ್ಲ ಸೇರಿದರು. ನೀರಗಂಟಿ ತಮ್ಮ ಬಿಳಿ ಅಂಗಿಯಲ್ಲೇ ನಿಂತಿದ್ದರು. ವಾಲ್ವಿನ ಕೀಲಿ ಮೇಜಿನ ಮೇಲಿತ್ತು. ಅವರೇ ಇಟ್ಟರೋ, ಕಿತ್ತುಕೊಂಡರೋ ಗೊತ್ತಿಲ್ಲ. ಹೆಗಲ ಮೇಲೆ ಅದಿಲ್ಲದೆ ಅವರು ಒಂದು ಕಡೆಗೆ ವಾಲಿದಂತೆ ಕಾಣುತ್ತಿದ್ದರು.

“ಪುಡಿ ಆಕಿವ್ನಿ ಸ್ವಾಮಿ. ತೂಕ ಮಾಡಿ ಆಕಿವ್ನಿ. ಟ್ಯಾಂಕ್ ನೀರ ನೀವೇ ನೋಡಿ” ಎನ್ನುತ್ತಿದ್ದರು.

“ಟ್ಯಾಂಕ್ ನೀರು ಚೆನ್ನಾಗೇ ಇದೆ. ಕೆಳಗಿನ ನಲ್ಲಿ ನೀರೇ ಕೆಟ್ಟಿರೋದು. ನಡುವೆ ಎಲ್ಲಿ ಅಂತ ಗೊತ್ತಾಗಬೇಕು” ಎಂದರು ಡಾಕ್ಟರಮ್ಮ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಟೀ ಅಂಗಡಿಯಾತ ಮುಂದೆ ಬಂದು ಅಧ್ಯಕ್ಷರಿಗೆ ಹೇಳಿದ: “ಈವಯ್ಯ ಅರ್ಧ ಪುಡೀನ ಮನೆಗ್ ತಗಂಡೋಯ್ತಾನೆ. ಊರಿಗೇ ಗೊತ್ತು. ಬೇಕಾರೆ ಇವನ್ನೇ ಕೇಳಿ, ನಮ್ ಅಂಗ್ಡಿ ಮುಂದೆ ದಿನಾ ಆಡಿ ತೋರುಸ್ತಿದ್ದ.”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಆಟ ಸಾಕ್ಷಿಯಾಗಿ ನಿಂತಿತ್ತು.

ನೀರಗಂಟಿ ನನ್ನನ್ನು ನೋಡಿದರು. ಯಾವಾಗಲೂ ಲೇ ಕಪಿ, ಲೇ ಬಡ್ಡೈದ್ನೆ ಎನ್ನುತ್ತಿದ್ದವರು, “ನೀನ್ ನೋಡಿದ್ಯೇನಪ್ಪಾ?” ಎಂದರು. ಆ ‘ಅಪ್ಪಾ’ ನನಗೆ ಕಪಾಳಕ್ಕೆ ಬಿಟ್ಟಂತಾಯಿತು.

“ಇಲ್ಲ ಮಾವ. ನಾ ಏನೂ ನೋಡಿಲ್ಲ. ನಗ್ಸಾಕೆ ಕಟ್ಟಿದ್ದು” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವ್ವ ಜನರ ಹಿಂದೆ ಸೆರಗನ್ನು ಬಾಯಿಗಿಟ್ಟು ನಿಂತಿದ್ದಳು. “ನಾ ನೋಡಿರಾದು ಬೇರೆ” ಎಂದೆ.

ಗುಂಡಿ, ಬೆಂಡು, ನೊರೆ ಎಲ್ಲ ಹೇಳಿದೆ. ಅಧ್ಯಕ್ಷರಿಗೆ ನಂಬಿಕೆ ಬರಲಿಲ್ಲ. “ನಲ್ಲಿ ನೀರು ಕೊಡ್ತದೆ, ಕುಡಿತದೇನೋ? ಇಲ್ಲೂ ನಿನ್ ಆಟವಾ?” ಎಂದರು. ಆಗ ನಾನು ಆ ಸದ್ದು ಮಾಡಿದೆ. ಗೊಳಕ್, ಗೊಳಕ್. ಎರಡು ದಿನದಿಂದ ಅಣಕವೇ ಹೊರಡದಿದ್ದ ಗಂಟಲಿನಿಂದ ಅದೊಂದು ಮಾತ್ರ ಹಾಗೇ ಅಚ್ಚುಹೊಯ್ದಂತೆ ಬಂತು. ಯಾರೂ ನಗಲಿಲ್ಲ. ಒಳಗೆ ಡೆಸ್ಕಿನ ಮೇಲೆ ಮಲಗಿದ್ದವರೂ ತಲೆಯೆತ್ತಿದರು.

ಡಾಕ್ಟರಮ್ಮ ಥಟ್ಟನೆ ಎದ್ದರು. “ಎಳೆದುಕೊಳ್ತದೆ. ಮೇಲೆ ವಾಲ್ವ್ ನಿಲ್ಲಿಸಿ, ಕೆಳಗಡೆ ನಲ್ಲಿ ತೆರೆದಿದ್ರೆ ನಡುವಿನ ತೂತಿಂದ ಎಳೆದುಕೊಳ್ತದೆ. ನಡಿ, ತೋರಿಸು.”

ಸೌದೆಯನ್ನು ನಾನೇ ಇಳಿಸಿದೆ. ಊರೆಲ್ಲ ಸುತ್ತ ನಿಂತಿತ್ತು. ಕೆಳಗಿನ ಬೀದಿಯವರು ಏನೇನು ಅಂದರೋ ಅದನ್ನು ಬರೆಯಲಾರೆ. ಅನ್ನಬೇಕಾದದ್ದೇ ಅಂದರು. ಒಬ್ಬರು ಹೊಡೆಯಲೂ ಬಂದರು. ತಡೆದವರು ನೀರಗಂಟಿ. “ಒಬ್ಬುಂದಲ್ಲ ಕಣ್ರಪ್ಪಾ, ಬೀದಿ ತುಂಬ ಅವೆ, ಒಂದೊಂದೇ ತೋರುಸ್ತೀನಿ ಬನ್ನಿ” ಎಂದು ನಮ್ಮ ಬೀದಿಯ ಅಷ್ಟೂ ಗುಂಡಿಗಳನ್ನು ತೋರಿಸಿದರು. ಕೆಲವುಗಳ ಮೇಲೆ ಆಗಲೇ ತಗಡು ಬಿದ್ದಿತ್ತು. ನನ್ನಂಥ ಜಾಣರು ಬೇರೆಯವರೂ ಇದ್ದರು. ಕೀಲಿ ಅವರ ಹೆಗಲಿಗೆ ವಾಪಸು ಹೋಯಿತು. ಅವ್ವ ನನ್ನೊಡನೆ ಎಂಟು ದಿನ ಮಾತಾಡಲಿಲ್ಲ.

ಗುಂಡಿಗಳನ್ನು ಮುಚ್ಚಿಸಿದರು. ಪೈಪು ತೊಳೆದು, ಮಂಡಿಯೆತ್ತರದ ಸಿಮೆಂಟ್ ಕಂಬಕ್ಕೆ ತಿರುಪಿನ ನಲ್ಲಿ ಹಾಕಿಸಿದರು. ನೀರಿನ ಪರೀಕ್ಷೆಯಾಗಿ, ಕುಡಿಯಬಹುದು ಎಂದು ಕಾಗದ ಬಂತು. ಆದರೂ ನೀರು ಬಿಟ್ಟ ದಿನ ಕೆಳಗಿನ ಬೀದಿಯಲ್ಲಿ ಒಬ್ಬರೂ ಕೊಡ ಹಿಡಿಯಲಿಲ್ಲ. ಬಟ್ಟೆಗೆ, ಪಾತ್ರೆಗೆ ಮಾತ್ರ. ನೀರಗಂಟಿ ಕಾಗದ ಹಿಡಿದು ಮನೆಮನೆಗೆ ಹೋದರು. ಜನ ಕಾಗದವನ್ನೂ ಮೂಸಿ ನೋಡಿದರು.

ನೀರಗಂಟಿ ನೇರ ನಮ್ಮ ಮನೆಗೆ ಬಂದರು. ಕೈಯಲ್ಲಿ ಸ್ಟೀಲ್ ಲೋಟ.

“ಬಾ ನನ್ ಜೊತೆ.”

ಕೆಳಗಿನ ಬೀದಿಯ ಕಟ್ಟಕಡೆಯ ನಲ್ಲಿಗೆ ಕರೆದುಕೊಂಡು ಹೋದರು. ಲೋಟ ತುಂಬಿ, ಅರ್ಧ ತಾವು ಕುಡಿದು, ಉಳಿದದ್ದನ್ನು ನನಗೆ ಹಿಡಿದರು.

“ನಾ ಕುಡುದ್ರೆ ಸಂಬ್ಳುಕ್ ಕುಡೀತಾನೆ ಅಂತಾರೆ. ನೀನ್ ಕುಡಿ. ಗುಂಡಿ ನಿಂದು.”

ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ನೀರು ತಿಳಿಯಾಗಿತ್ತು, ಬ್ಲೀಚಿಂಗ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಆದರೆ ಅಂದು ಅತ್ತೆ ಕುಡಿದ ನೀರೂ ಕಣ್ಣಿಗೆ ತಿಳಿಯಾಗಿಯೇ ಇದ್ದಿರಬೇಕು. ಕಣ್ಣು ಮುಚ್ಚಿ ಕುಡಿದೆ. ಸಂಜೆಯವರೆಗೆ ಹೊಟ್ಟೆಯಲ್ಲಿ ಸಣ್ಣ ಗುಡುಗು ಕೇಳಿದರೂ ಜೀವ ಬಾಯಿಗೆ ಬರುತ್ತಿತ್ತು. ಉಪ್ಪು ಕೇಳುವ ನೆಪದಲ್ಲಿ ಇಬ್ಬರು ಹೆಂಗಸರು ಬಂದು ನನ್ನ ಮುಖ ನೋಡಿ ಹೋದರು. ಸುದ್ದಿಯೆಲ್ಲ ಮಗಳಿಂದ ಕೇಳಿದ್ದ ಅತ್ತೆ ಮೈಸೂರಿನ ಆಸ್ಪತ್ರೆಯಿಂದ ಫೋನು ಮಾಡಿದಳು.

“ಒಟ್ಟೆ ಎಂಗದ್ಲಾ?”

“ಸರ್ಯಾಗದೆ ಕಣತ್ತೆ.”

“ನಾಳೇನೂ ಕುಡಿ. ನಾ ಬರಾಗಂಟ ದಿನಾ ಕುಡಿ.”

ಅತ್ತೆ ಬಂದಳು. ಆದರೆ ಮೊದಲಿನ ಅತ್ತೆಯಾಗಿ ಅಲ್ಲ. ಎರಡು ತಿಂಗಳಿಗೊಮ್ಮೆ ಕಿಡ್ನಿಯ ರಕ್ತ ಪರೀಕ್ಷೆಗೆ ಮೈಸೂರಿಗೆ ಹೋಗಬೇಕು. ಕರೆದುಕೊಂಡು ಹೋಗುವವನು ನಾನು. ಕಾಗದದಲ್ಲಿ ಅಂಕಿ ಏರಿದೆಯೋ ಇಳಿದಿದೆಯೋ ಎಂದು ಮೊದಲು ನೋಡುವವನೂ ನಾನೇ. ಮದುವೆ ಮನೆಗೆ ಹೋದರೂ ಕಾಯಿಸಿ ಆರಿಸಿದ ನೀರಿನ ಬಾಟಲಿ ಅವಳ ಚೀಲದಲ್ಲಿರುತ್ತದೆ. ನನ್ನ ಅಣಕಕ್ಕೆ ಈಗಲೂ ನಗುತ್ತಾಳೆ. ನಕ್ಕು ಸುಸ್ತಾಗಿ ಕೂರುತ್ತಾಳೆ.

ಈ ವರ್ಷವೂ ಮಳೆ ಹಿಡಿದಿದೆ. ಜೋರು ಮಳೆ ಬಂದ ಮರುದಿನ ನೀರಗಂಟಿ ನೀರು ಬಿಟ್ಟ ಮೇಲೂ ಕೆಳಗಿನ ಬೀದಿಯಲ್ಲಿ ಕೊಡಗಳು ಬರಿದೇ ಕಾಯುತ್ತವೆ. ಯಾರೋ ಒಬ್ಬರು ಕೇಳುತ್ತಾರೆ: “ಅವುನ್ ಕುಡುದ್ನಾ?” ನಾನು ಹೋಗುತ್ತೇನೆ. ಬೆಳಿಗ್ಗೆ ಕುಡಿದರೆ ಮಧ್ಯಾಹ್ನದವರೆಗೆ ಅವರು ಕಾಯುತ್ತಾರೆ, ನಾನೂ ಕಾಯುತ್ತೇನೆ. ಆಮೇಲೆ ಅವರು ಕೊಡ ತುಂಬಿಸಿಕೊಳ್ಳುತ್ತಾರೆ.